ಸೂಚಕರು: ಶಹನಾಜ

9 ಸೆಪ್ಟೆಂಬರ್ 2024, ಸೋಮವಾರ

ಪಂಚಾಯಿತಿ ಮೀಟಿಂಗ್. ಎಂದಿನಂತೆ ಮೊದಲು ಸಹಿ, ಆಮೇಲೆ ಚಹಾ. ಠರಾವು ಬುಕ್ಕಿನ ಪುಟ ಖಾಲಿ. "ಮಾಡವ್ವ, ಆಮ್ಯಾಲ ಬರಕೋತೇವಿ" ಅಂದರು ಅಧ್ಯಕ್ಷ ಶೆಟ್ಟೆಪ್ಪ ಕಾಕಾ. ನಾವು ಮೆಂಬರುಗಳು ನಾಲ್ಕು ವರ್ಷದಿಂದ ಹೀಗೇ ಮಾಡುತ್ತ ಬಂದಿದ್ದೇವೆ.

ವಿದೇಶದ ದುಡ್ಡಿನ ಆ ನೀರಿನ ಸಂಸ್ಥೆಯ ಸರಿತಾ ಬಂದಿದ್ದಳು. ನಮ್ಮ ಸಭೆಯಲ್ಲಿ ಅವಳಿಗೇನು ಕೆಲಸ? ಅದೂ ಕಾಕಾನ ಬಾಜೂ ಕುರ್ಚಿ!

14, ಶನಿವಾರ

ಓಣಿಗೆ ಮೂರು ದಿನದಿಂದ ನೀರಿಲ್ಲ. ವಾಟರ್‌ಮನ್ ಗುಡ್ಡಪ್ಪನನ್ನು ಹಿಡಿದು ಕೇಳಿದೆ.

"ನನ್ನ ಕೇಳಬ್ಯಾಡ್ರಿ ಅಕ್ಕಾರ. ಟ್ಯಾಂಕಿನ ಕೀಲಿ ಈಗ ಸಂಸ್ಥೆಯವರ ಕಡೆ ಐತಿ."

ನಮ್ಮ ಬೋರು, ನಮ್ಮ ಟ್ಯಾಂಕು, ಕೀಲಿ ಅವರ ಹತ್ತಿರ? ಕೊಟ್ಟವರು ಯಾರು? ಮನೆಯಲ್ಲಿ ಹೇಳಿದರೆ ನನ್ನ ಗಂಡ ಯಾಸೀನ, "ನಿನಗ ಎಲ್ಲಾದ್ರಾಗೂ ಸಂಶಯ" ಅಂತ ನಕ್ಕ. ನಗಲಿ.

18, ಬುಧವಾರ

ಹಟ ಹಿಡಿದು ಠರಾವು ಬುಕ್ ತೆಗೆಸಿದೆ. ಅವತ್ತು ಸಹಿ ಮಾಡಿದ ಖಾಲಿ ಪುಟ ಈಗ ತುಂಬಿತ್ತು. ಯಾವ ಓಣಿಗೆ, ಯಾವಾಗ, ಎಷ್ಟು ನೀರು — ಹತ್ತು ವರ್ಷ ಸಂಸ್ಥೆಯ ಸಮಿತಿಯೇ ನಿರ್ಧರಿಸತಕ್ಕದ್ದು. ಪಂಚಾಯಿತಿ ಪ್ರಶ್ನಿಸುವಂತಿಲ್ಲ. ಸೂಚಕರು: ಶಹನಾಜ.

ನಾನು! ಬುಕ್ ಹಿಡಿದು ಕಾಕಾನ ಮುಂದೆ ನಿಂತೆ.

ಕಾಕಾ ಮುಖ ಕೊಡಲಿಲ್ಲ. "ಹಿಂಗ ಬರದ್ರ ಅಷ್ಟ ಅವರು ರೊಕ್ಕ ಕೊಡೋದು. ಒಲ್ಲೆ ಅಂದ್ರ ಬಾಜೂ ಊರಿಗೆ ಹೋಗತೈತಿ."

"ನನ್ನ ಹೆಸರ್ಯಾಕ್ರಿ?"

"ಹೆಣ್ಣಮಕ್ಕಳು ಸೂಚಿಸಿದ್ರ ಅವರಿಗೆ ಭಾಳ ಖುಷಿ."

27ಕ್ಕೆ ಗ್ರಾಮಸಭೆ. ಜನರ ಮುಂದೆಯೇ ರದ್ದು ಮಾಡಿಸುತ್ತೇನೆ.

22, ರವಿವಾರ

ಗ್ರಾಮಸಭೆಗೆ ಬರ್ರಿ ಅಂತ ಮನೆ ಮನೆ ತಿರುಗಿದೆ. ಎದುರು ಮನೆಯ ಅಲ್ಲವ್ವ — ಇಲೆಕ್ಷನ್ನಿನಲ್ಲಿ ನನಗಾಗಿ ಓಟು ಕೇಳಿದವಳು — ಬಾಗಿಲಲ್ಲೇ ನಿಲ್ಲಿಸಿದಳು.

"ಮೂರು ದಿನಕ್ಕೊಮ್ಮಿ ಆದ್ರೂ ನೀರು ಬರಾಕತ್ತೈತಿ. ಕೇಳಾಕ ಹೋಗಿ ಅದನ್ನೂ ಬಂದ್ ಮಾಡಸ್ತೀ ಏನ ತಂಗಿ?"

ಸಿಟ್ಟು ಬಂತು. ಮುಂದಿನ ಮನೆಗೆ ನಡೆದೆ.

27, ಶುಕ್ರವಾರ, ಸಂಜೆ

ಗ್ರಾಮಸಭೆಗೆ ನಾನು, ಪಿಡಿಒ, ಖಾಲಿ ಕುರ್ಚಿ. ಅದೇ ಹೊತ್ತಿಗೆ ಟ್ಯಾಂಕಿನ ಬಳಿ ವಿದೇಶಿ ಅತಿಥಿಗಳ ಸತ್ಕಾರ. ಬೇಕಂತಲೇ ಇಟ್ಟಿದ್ದಾರೆ, ಗೊತ್ತಿಲ್ಲವೇ ನನಗೆ? ಅಲ್ಲಿಗೇ ನಡೆದೆ. ಇಡೀ ಊರು ಅಲ್ಲಿತ್ತು.

"ಠರಾವು ಸೂಚಿಸಿದ ಶಹನಾಜ ಮೇಡಂ ಇವರೇ!" ಸರಿತಾ ಮೈಕ್ ನನ್ನ ಕೈಗಿಟ್ಟಳು. ಸಂಸ್ಥೆಯ ಹುಡುಗನೊಬ್ಬ ವಿಡಿಯೊ ತೆಗೆಯುತ್ತಿದ್ದ. ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಮುಂದಿನ ಸಾಲಿನಿಂದ ಅಲ್ಲವ್ವ ನನಗೆ ಎರಡೂ ಕೈ ಮುಗಿದಳು. ಬೇಡ ತಂಗಿ, ಅನ್ನುವ ಹಾಗೆ.

ಥ್ಯಾಂಕ್ಸ್ ಅಂದೆ. ಅಷ್ಟೇ ಅಂದೆ. ಗೆದ್ದ ದಿನವೂ ನನಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ನಾಚಿಕೆಯಿಂದ ಸತ್ತುಹೋದೆ.

ಸೋಮವಾರ ಹುಕ್ಕೇರಿಯ ತಾಲೂಕು ಪಂಚಾಯಿತಿಗೆ ಹೋಗಿ ಸಾಹೇಬರಿಗೆ ತಕರಾರು ಅರ್ಜಿ ಕೊಡಬೇಕು, ಆ ಠರಾವು ನನ್ನದಲ್ಲ ಅಂತ. ಆದರೆ ಇವತ್ತಿನ ವಿಡಿಯೊ ತೋರಿಸಿ, "ಮೈಕ್ ಹಿಡದು ಥ್ಯಾಂಕ್ಸ್ ಅಂದವರು ನೀವ ಅಲ್ಲೇನ್ರಿ?" ಅಂತ ಅವರು ಕೇಳಿದರೆ—