ಟೈರ್ ಅಂಗಡಿ ಮ್ಯಾಲಿನ ದುಬೈ ಕ್ಲಾಸು

ರೋಜಾ, ಕಲಬುರಗಿ
ತಾ. ೧೮-೨-೨೦೦೨, ಸೋಮವಾರ

ಅಕ್ಕ ಶಿವಕಾಂತಮ್ಮಗ,

ನಿನ್ನ ತಮ್ಮ ಸೂಗಪ್ಪ ಇಲ್ಲಿಂದಲೇ ಕಾಲಿಗೆ ಬಿದ್ದು ಬರಿಯೂದು. ಈ ಕಡಿ ಎಲ್ಲಾ ಕ್ಷೇಮ ಅಂತ ಮೊದಲು ಬರೀಬೇಕಂತ ಕಮಲಾಪುರ ಸಾಲ್ಯಾಗ ಮಾಸ್ತರು ಬಡದು ಕಲಿಸ್ಯಾರ. ಆದ್ರ ನಾ ಬಂದಿದ್ದು ಕ್ಷೇಮ ಕೇಳಾಕಲ್ಲ, ಮೋಸ ಹಿಡಿಯಾಕ. ಅದಕ್ಕ ಸೀದಾ ವಿಷಯಕ್ಕೇ ಬರ್ತೀನಿ.

ನೀ ಹೇಳಿ ಕಳಿಸಿದ್ದು ನನಗ ಬಾಯಿಪಾಠ ಅದ. ನಿನ್ನ ಮಗಳು ಜಯದೇವಿ ಬ್ಯಾಳಿ ಮಿಲ್ಲಿನಾಗ ಲೆಕ್ಕ ಬರಿಯೂದು ಬಿಟ್ಟು, ಸಂಜೀಕ ಅದೆಂಥದೋ ಇಂಟರ್‌ನ್ಯಾಷನಲ್ ಬಿಸಿನೆಸ್ ಕ್ಲಾಸಿಗೆ ಹೊಂಟಾಳ. ಈ ಸಲ ತೋಟದ ಕೆಂಪು ಬಾಳಿ ಪೂರಾ ತನಗ ಬಿಡು, ದುಬೈಕ ಕಳಸ್ತೀನಿ ಅಂತಾಳ. ಆಕಿ ತಲಿ ಯಾರೋ ತಿರುಗಿಸ್ಯಾರ. ಹೋಗಿ ನೋಡು, ಖರೆ ಇದ್ರ ಹೂಂ ಅನ್ನು, ಮೋಸ ಇದ್ರ ಭಾರತ ಹುಣ್ಣಿಮಿಗೆ ತೋಟ ಪ್ರತಿ ವರ್ಷದಂಗ ಅಡತ್ ಅಂಗಡಿ ಅಣವೀರಪ್ಪಗ ಗುತ್ತಿಗಿ, ಆಕಿ ಕ್ಲಾಸು ಬಂದ್ ಅಂದಿ. ತೋಟ ನಿನ್ನ ಹೆಸರಿಲೆ ಇದ್ರೂ ಅದರಾಗ ಮೈ ಮುರದು ದುಡಿಯಾವ ನಾನು. ಆ ಕ್ಲಾಸು ನಡಸೂ ಮಾಸ್ತರನ ಮ್ಯಾಲ ನಿನಗಿಂತ ಒಂದು ತೂಕ ಹೆಚ್ಚೇ ಸಂಶಯ ನನಗಿತ್ತು.

ಮೋಸ ಹಿಡಿಯಾಂವ ಖಾಲಿ ಕೈಲೆ ಹೋಗಬಾರದು. ಹೋದ ವಾರವೇ ತೋಟದಾಗ ಎಲ್ಲಕ್ಕಿಂತ ಛಂದ ಗೊನಿ ಕಡದು, ಹುಲ್ಲಿನಾಗ ಮುಚ್ಚಿ ಹಣ್ಣು ಮಾಡಿ ಇಟ್ಟಿದ್ದೆ. ಅದನ್ನ ಗೋಣಿಚೀಲದಾಗ ಹಾಕ್ಕೊಂಡು ಬಸ್ ಹತ್ತಿದೆ. ಬಸ್ಸಿನಾಗ ಬಾಜೂಕ ಕುಂತ ಮುದುಕ ವಾಸನಿ ಹಿಡದು 'ಕಮಲಾಪುರದ ಹಣ್ಣೇನ್ರೀ, ಆಹಾ' ಅಂದ. ಕೊಟ್ಟೆ. ಕಂಡಕ್ಟರ್ ಕಣ್ಣು ಹಾಯಿಸಿದ, ಅವಗೂ ಕೊಟ್ಟೆ. ನಮ್ಮ ತೋಟದ ಹೆಸರು ಉಳೀಬೇಕಲ್ಲ.

ಕ್ಲಾಸು ಇರೂದು ಕುಸನೂರ ರಸ್ತಾದಾಗ, ಒಂದು ಟೈರ್ ಅಂಗಡಿ ಮ್ಯಾಲ. ಅಲ್ಲೇ ನನ್ನ ಸಂಶಯ ಗಟ್ಟಿ ಆತು. ದುಬೈ ಮಟ ವ್ಯಾಪಾರ ಕಲಿಸಾಂವ ಟೈರಿನ ಮ್ಯಾಲ ಯಾಕ ಕುಂದರ್ತಾನ? ಬೋರ್ಡಿನ ಬಣ್ಣ ಹೊಸಾದು, ಇನ್ನಾ ಕೈಗೆ ಹತ್ತೂವಂಗ. ಹೊಸಾ ಬೋರ್ಡು ಅಂದ್ರ ಹಳೇ ಬೋರ್ಡು ಎಲ್ಲೋ ಊರಾಗ ಇಳಿಸಿ ಓಡಿ ಬಂದಾನ ಅಂತ ಅರ್ಥ. ಟೈರ್ ಅಂಗಡಿ ಲಾಲ್ ಅಹ್ಮದಗ ನಾಕು ಹಣ್ಣು ಕೊಟ್ಟು ಒಳಗಿನ ಸುದ್ದಿ ಕೇಳಿದೆ. ಅವ ಹಣ್ಣು ತಿಂದು, ಸಿಪ್ಪಿ ಒಗದು, 'ಸಂಜಿಗೆ ಬರ್ತಾರ ಸಾಬ್, ಇಂಗ್ಲೀಷ್ ಮಾತಾಡ್ತಾರ, ಹೋಗ್ತಾರ. ಗಲಾಟಿ ಇಲ್ಲ' ಅಂದ. ಗಲಾಟಿ ಇಲ್ಲದ ಮನಿಯಾಗೇ ಮೋಸ ಇರೂದು ಅಂತ ನಾ ಮನಸಿನಾಗ ಅಂದ್ಕೊಂಡೆ.

ಮ್ಯಾಲ ಏರಿ ಮಾಸ್ತರನ್ನ ಹಿಡದೆ. ಪಾಂಡುರಂಗರಾವ್ ಅಂತ ಹೆಸರು. ನಡು ವಯಸ್ಸು ದಾಟ್ಯಾದ, ಹಣಿ ಮ್ಯಾಲ ಗಂಧ, ಕಾಲಾಗ ಮುಖ ಕಾಣೂವಂಥ ಬೂಟು. ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಆ ಬೂಟು ನನಗ ಸರಿ ಬರಲಿಲ್ಲ. ನಾನು ಸುಮ್ನ ಇರ್ತೀನೇನು? 'ನಾನು ಬ್ಯಾಳಿ ಎಕ್ಸ್‌ಪೋರ್ಟ್ ಮಾಡಾಂವ, ಇರಾಕಿನಾಗ ನನ್ನ ಬ್ಯಾಳಿ ಇಲ್ಲದ ಅಡಗಿ ಆಗೂದಿಲ್ಲ, ನಿಮ್ಮ ಕ್ಲಾಸು ಹ್ಯಾಂಗದ ನೋಡಿ ಸೇರ್ತೀನಿ' ಅಂದೆ. ಅವ ಕೈ ಮುಗದು 'ಯಾ ಯಾ, ಬರ್ರಿ ಸಾವ್ಕಾರ್ರೇ, ಕುಂದರ್ರಿ' ಅಂದ. ನೋಡಕ್ಕ, ಏಳನೇ ಇಯತ್ತಾ ಕಲಿತವನ ಮಾತಿಗೆ ಡಿಗ್ರಿ ಮಾಡಿದವ ಬಿದ್ದ. ಮ್ಯಾಲಿಂದ ಉಳಿದ ಹಣ್ಣು ಅವನ ಮೇಜಿನ ಮ್ಯಾಲ ಇಟ್ಟೆ. ಒಂದು ಸುಲದು ತಿಂದು ಕಣ್ಣು ಮುಚ್ಚಿದ. 'ಕಾಯ್ ಗೋಡವಾ', ಏನು ಸಿಹಿ ಅಂತ ಮರಾಠಿಯಾಗ ಅಂದ. ಇನ್ನೊಂದು ಚೂರು ಬೆಣ್ಣಿ ಹಚ್ಚಿದ್ರ ಸೀದಾ ಜಾತ್ರ್ಯಾಗ ನಿಂತಾವನಂಗ ಹಾಡ್ತಿದ್ದ.

ಹಿಂದಿನ ಬೆಂಚಿಗೆ ರುಮಾಲು ಮುಂದ ಎಳಕೊಂಡು ಕುಂತೆ. ಬಾಜೂಕ ಇಮಾಮುದ್ದೀನ್ ಅಂತ ಒಬ್ಬ, ಇಲ್ಲೇ ರೋಜಾದಾಂವ, ಮೊದಲು ದುಬೈ ಕಾಯಿಪಲ್ಯ ಮಾರ್ಕೆಟ್ಟಿನಾಗ ಇದ್ದನಂತ. ನಾ ಅವನ ಕಿವ್ಯಾಗ 'ಈ ಮಾಸ್ತರ ಓಡಿ ಹೋದ್ರ ಯಾವ ಕಡಿ ಓಡ್ತಾನ, ಹಿಂದ ಮೆಟ್ಟಲು ಅವೇನು' ಅಂತ ಕೇಳಿದೆ. ಅವ ನಕ್ಕು, 'ಕಾಕಾ, ಮೊನ್ನೆ ಕರೆಂಟ್ ಹೋದಾಗ ಸುದಾ ಓಡಲಿಲ್ಲ, ಮೋಂಬತ್ತಿ ಹಚ್ಚಿ ಕಲಿಸ್ಯಾನ' ಅಂದ. ಇವನೂ ಅವರ ಕಡಿಯಾವನೇ ಅಂತ ನನಗ ಅನಿಸ್ತು.

ಅಷ್ಟರಾಗ ಜಯದೇವಿ ಬಂದ್ಳು. ಮುಂದಿನ ಸಾಲಿನಾಗ ಕುಂತಳು. ನನ್ನ ಕಡಿ ನೋಡಲಿಲ್ಲ.

ಕಲಿಸೂದು ಏನಂದ್ರ, ಸ್ಟ್ರಾಟೆಜಿಕ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ಪ್ರತಿಯೊಬ್ಬರೂ ಒಂದು ಖರೆ ಕೆಲಸ ಹಿಡದು ಪರದೇಶಕ್ಕ ಮಾಲು ಮುಟ್ಟಿಸೂ ಹಂಚಿಕಿ ಹಾಕಬೇಕು. ಜಯದೇವಿದು ನಮ್ಮ ತೋಟ. ಮಾಸ್ತರ ಬೋರ್ಡಿನ ಮ್ಯಾಲ ಚೌಕು ಚೌಕು ಡಬ್ಬಿ ಎಳದು ಆಕಿ ಹಂಚಿಕಿ ಬರದ. ಗೊನಿ ಕಡಿಯೂದು ಒಂದು ಡಬ್ಬಿ, ತೊಳಿಯೂದು ಒಂದು ಡಬ್ಬಿ, ಪೆಟ್ಟಿಗಿ ತುಂಬೂದು, ಮುಂಬೈಗೆ ಲಾರಿ, ಆಮ್ಯಾಲ ಜಹಾಜು. ಡಬ್ಬಿ ಡಬ್ಬಿಗೆ ಗೆರಿ. 'ತೊಳಿಯೂದು ತಡಾ ಆದ್ರ ನಡಿತದ, ಕಡಿಯೂದು ತಡಾ ಆಗಿ ಕಾಯಿ ಗಿಡದಾಗೇ ಹಣ್ಣಾದ್ರ ಮುಂದಿಂದೆಲ್ಲಾ ಕೊಳಿತದ. ಯಾವುದು ತಡ್ಕೊಂತದ, ಯಾವುದು ತಡ್ಕೊಳ್ಳೂದಿಲ್ಲ, ಇಷ್ಟು ಗೊತ್ತಾದ್ರ ಅರ್ಧ ವಿದ್ಯಾ ಬಂತು' ಅಂದ. ಮಾತು ಖರೆ ಅದ. ಆದ್ರ ನಮ್ಮ ತೋಟದ ದಾರಿ, ಬಾವಿ, ಗೇಟು ಇವಗ ಯಾಕ ಬೇಕು ಅಂತ ನಾ ಮೈಯೆಲ್ಲಾ ಕಿವಿ ಮಾಡ್ಕೊಂಡು ಕುಂತೆ.

ಒಬ್ಬ ಹುಡುಗ 'ದುಬೈ ಯಾಕ, ಲಂಡನ್ನಿಗೇ ಕಳಸ್ರಿ' ಅಂತ ಚ್ಯಾಷ್ಟಿ ಮಾಡಿದ. ಜಯದೇವಿ ಎದ್ದು ಹೇಳಿದ್ಳು: ಲಂಡನ್ ದೂರ, ನಮ್ಮ ಹಣ್ಣು ಅಷ್ಟು ದಿನ ತಾಳೂದಿಲ್ಲ, ಅಲ್ಲಿ ಇದರ ರುಚಿ ಯಾರಿಗೂ ಗೊತ್ತಿಲ್ಲ, ದುಬೈದಾಗ ನಮ್ಮ ಮಂದಿ ಅದಾರ, ಕೆಂಪು ಬಾಳಿ ಕಂಡ್ರ ಊರು ನೆನಪಾಗಿ ನಿಂದರ್ತಾರ. ಮಾಸ್ತರ 'ಎಲ್ಲಿಗೆ ಹೋಗಬಾರದು ಅಂತ ಮೊದಲು ಗೊತ್ತು ಮಾಡ್ಕೊಂಡಾಳಲ್ಲ, ಅದಕ್ಕೇ ಸ್ಟ್ರಾಟೆಜಿ ಅನ್ನೂದು' ಅಂದ. ಅಕ್ಕ, ನಿನ್ನ ಮಗಳು ಇಷ್ಟು ಮಂದಿ ಗಂಡಸರ ನಡುವ ನಡುಗದಂಗ ಮಾತಾಡ್ತಾಳ ಅಂತ ನನಗ ಗೊತ್ತಿರಲಿಲ್ಲ. ಮಾತಾಡೂ ಕಲಾ ನಮ್ಮ ಕಡಿಯಿಂದ, ನನ್ನಿಂದ ಬಂದದ್ದು.

ನಾ ಆಗ ತಡಿಲಾರದ ಎದ್ದು ನಿಂತೆ. 'ಮಾಸ್ತರ, ನೀವು ಸ್ವಂತ ಎಂದರ ಏನರ ಪರದೇಶಕ್ಕ ಕಳಿಸೀರೇನು, ಇಲ್ಲಾ ಬರೇ ಡಬ್ಬಿ ಬರೀತೀರೇನು' ಅಂದೆ. ಅವ ನಾಚಲಿಲ್ಲ. ಮುಂಬೈ ಬಂದರದಾಗ ನೌಕರಿ ಬಿಟ್ಟು ಉಳ್ಳಾಗಡ್ಡಿ ಕಳಿಸಾಕ ಹೋಗಿದ್ದೆ, ಗಾಳಿ ಆಡದ ಡಬ್ಬಿಯಾಗ ತುಂಬಿ ಪೂರಾ ಕೊಳಸಿದೆ, ಅದಕ್ಕೇ ಈಗ ಕಲಿಸ್ತೀನಿ ಅಂದ. ಕಳ್ಳ ಇದ್ದವ ತನ್ನ ಸೋಲು ಹೇಳ್ತಾನೇನು? ಆದ್ರ ಪಕ್ಕಾ ಕಳ್ಳ ಅದನ್ನೂ ಹೇಳ್ತಾನ. ಹಿಂಗ ಎರಡೂ ಕಡಿ ಜಗ್ಗಾಡಿ ನನ್ನ ತಲಿ ಬ್ಯಾನಿ ಬಂತು. ನಾ ಎದ್ದು ನಿಂತಾಗ ಜಯದೇವಿ ತಿರುಗಿ ನೋಡಿದ್ಳು. ರುಮಾಲಿನ ಕೆಳಗ ಯಾರು ಅಂತ ಆಕಿಗೆ ತಿಳಿಯಾಕ ಹೊತ್ತು ಬೇಕಾಗಲಿಲ್ಲ.

ಕಡೀಕ ಮಾಸ್ತರ, 'ನಿಮ್ಮ ನಿಮ್ಮ ಕೆಲಸ ಕೆಡಿಸೂ ದೊಡ್ಡ ಗಂಡಾಂತರ ಯಾವುದು, ಎದ್ದು ಹೇಳ್ರಿ' ಅಂದ. ಗಂಡಾಂತರಕ್ಕ ನಾಕು ಹಾದಿ ಅವಂತ. ತಪ್ಪಿಸ್ಕೊಳ್ಳೂದು, ಕಮ್ಮಿ ಮಾಡೂದು, ಇನ್ನೊಬ್ಬರ ತಲಿಗೆ ಕಟ್ಟೂದು, ಇಲ್ಲಾ ಗೊತ್ತಿದ್ದೂ ಗೊತ್ತಿದ್ದೂ ಹೊತ್ಕೊಳ್ಳೂದು. ಒಬ್ಬ ಡೀಸೆಲ್ ರೇಟು ಅಂದ. ಇಮಾಮುದ್ದೀನ್ ಬಂದರದಾಗ ಕಾಗದಾ ತಡಾ ಆಗೂದು ಅಂದ. ಜಯದೇವಿ ಎದ್ದು ಮಳಿ ಅಂದ್ಳು. ಅಷ್ಟೇ. ಕ್ಲಾಸು ಮುಗೀತು.

ಆಕಿ ಕೆಳಗ ಬಂದು ನನಗ ಚಾ ಕುಡಿಸಿದ್ಳು. ಬೈಲಿಲ್ಲ. 'ಊಟ ಮಾಡಿಯೇನು ಮಾಮಾ' ಅಂತ ಕೇಳಿದ್ಳು. ಬೈದಿದ್ರ ಛಲೋ ಇತ್ತು.

ಈಗ ನನ್ನ ತೀರ್ಪು ಕೇಳು. ಮಾಸ್ತರನ ಬೂಟು ನನಗ ಇನ್ನಾ ಪಸಂದ್ ಇಲ್ಲ. ಲಾರಿಯಾವನ ಮ್ಯಾಲ, ಆಕಿ ಮಾಲು ಕೊಳ್ಳೂ ಮುಂಬೈ ಸೇಠನ ಮ್ಯಾಲ, ಜಹಾಜಿನ ಕಪ್ತಾನನ ಮ್ಯಾಲ ಸಂಶಯ ಹಂಗೇ ಅದ, ಅದನ್ನ ಬಿಡೂದಿಲ್ಲ. ಆದ್ರ ಹುಡುಗಿ ತಲಿ ಯಾರೂ ತಿರುಗಿಸಿಲ್ಲ, ಅದು ಸರಿಯಾದ ಜಾಗಾದಾಗೇ ಅದ. ಅಣವೀರಪ್ಪಗ ಈ ವರ್ಷ ಇಲ್ಲ ಅಂತ ಹೇಳಿ ಕಳಿಸು. ತೋಟ ಜಯದೇವಿಗೆ ಬಿಡು. ಆಕಿ ಕಡಿ ಅಂದ ದಿನ ಕಡೀಲಿ, ಕಾಯಿ ಇದ್ದಾಗಲೇ ಕಡೀಲಿ. ಮಂದಿ ಮನಿಗೆ ಹಸೀ ಕಾಯಿ ಕಳಿಸೂದು ಮರ್ಯಾದಿ ಅಲ್ಲ ಅಂತ ನಾ ಇಷ್ಟು ದಿನ ಜಗಳಾಡಿದ್ದು ವಾಪಸ್ ತಗೊಂಡೀನಿ.

ನಾನು ಸದ್ಯಕ್ಕ ಊರಿಗೆ ಬರೂದಿಲ್ಲ. ಮೊಣಕಾಲು ಹಿಡಕೊಂಡದ, ಇಲ್ಲಿ ಒಬ್ಬ ಹಕೀಮನ ಎಣ್ಣಿ ಛಲೋ ಅಂತಾರ. ಇಮಾಮುದ್ದೀನ್ ದರ್ಗಾದ ಬಾಜೂಕ ಇರಾಕ ಒಂದು ಖೋಲಿ ಕೊಡಿಸ್ಯಾನ. ಇರೂತನಕ ಆಕಿಗೆ ರೊಟ್ಟಿ ಪಲ್ಯ ತಂದುಕೊಟ್ಟು, ಸಂಜಿಗೆ ಕ್ಲಾಸಿನ ಬಾಗಲದಾಗ ಕಾವಲು ಕುಂದರ್ತೀನಿ.

ನಿನ್ನ ಬೆನ್ನಿಗೆ ಹುಟ್ಟಿದವ, ಇಡೀ ಕಲಬುರಗಿಯಾಗ ಈಗ ಹೆಸರಾದವ,
ಸೂಗಪ್ಪ

ತಾ.ಕ.: ಮ್ಯಾಲ ಮಳಿ ಅಂತ ಬರದೀನಿ, ಅದು ಸುಳ್ಳು. ಜಯದೇವಿ ಎದ್ದವಳೇ ಮಾಸ್ತರನ ಮೇಜಿನ ಮ್ಯಾಲಿನ ಹಣ್ಣು ನೋಡಿದ್ಳು, ಹಿಂದಿನ ಬೆಂಚು ನೋಡಿದ್ಳು, 'ಸರ್, ನನ್ನ ಪ್ರಾಜೆಕ್ಟಿಗೆ ದೊಡ್ಡ ಗಂಡಾಂತರ ನಮ್ಮ ಮಾಮಾ' ಅಂದ್ಳು. ಮುಂಬೈ ಸೇಠ್ ಮುಂದಿನ ವಾರ ಗಿಡದ ಮ್ಯಾಲೇ ನೋಡಾಕ ಬರಾಂವ ಇದ್ದನಂತ, ಅದಕ್ಕ ಗುರುತಿಗೆ ಆಕಿ ಒಂದು ಗೊನಿಗೆ ನೀಲಿ ಅರಿವಿ ಚಿಂದಿ ಕಟ್ಟಿ ಹೋಗಿದ್ಳು. ದೃಷ್ಟಿ ಆಗಬಾರದಂತ ನೀ ಕಟ್ಟೀದಿ, ಅಂದ್ರ ತೋಟದಾಗ ಅದೇ ಛಂದ ಗೊನಿ ಅಂತ ತಿಳದು ನಾ ಅದನ್ನೇ ಕಡದೆ. ಮೇಜಿನ ಮ್ಯಾಲ ಇಟ್ಟಾಗ ಆ ಚಿಂದಿ ಇನ್ನಾ ದಂಟಿಗೇ ಇತ್ತು. 'ಯಾರರ ಆಹಾ ಅಂದ್ರ ಸಾಕು ಸರ್, ನಮ್ಮ ಮಾಮಾ ಗೊನಿ ಕೈಯಾಗ ಇಡ್ತಾನ' ಅಂದಾಗ ಇಡೀ ಕ್ಲಾಸು ನಕ್ಕಿತು. ಮಾಸ್ತರ ತಿಂದಿದ್ದು ನುಂಗಲಾರದ, ನಾಕು ಹಾದಿಯಾಗ ಯಾವುದು ಹಿಡೀತೀಯವ್ವಾ ಅಂತ ಕೇಳಿದ. ಆಕಿ, 'ಹೊತ್ಕೊಳ್ಳೂದೇ ಸರ್. ಅಂವ ನಮ್ಮ ಮಾಮಾ' ಅಂದು ಕುಂತಳು. ಆಗ ಯಾರೂ ನಗಲಿಲ್ಲ. ಸೇಠಗ ಬಾವಿ ಕಡಿ ಸಾಲಿನ ಎರಡನೇ ಗಿಡ ತೋರಿಸ್ರಿ, ಅದೂ ಕಮ್ಮಿ ಇಲ್ಲ. ನನ್ನ ಮೊಣಕಾಲು ಕಲ್ಲಿನಂಗ ಗಟ್ಟಿ ಅದ, ಹಕೀಮನ ಎಣ್ಣಿ ಬರೇ ನೆಪ. ಕಡೀ ಪೆಟ್ಟಿಗಿ ಲಾರಿ ಏರೂತನಕ ನಾ ಬರೂದಿಲ್ಲ. ನಡುವ ಮನಸ್ಸು ಕೆಟ್ಟು ಬಂದು, ತೋಟದ ಮುಂದ ನಿಂತು ಎಷ್ಟು ಒದರಾಡಿದ್ರೂ, ಅಕ್ಕ, ಗೇಟು ತೆಗೀಬ್ಯಾಡ.