ಕೋಲ್ಡ್ ಲೆಡ್ಜ್ ಕೆರೆ ಬರಿದಾದದ್ದು

ಕೋಲ್ಡ್ ಲೆಡ್ಜ್ ಲೇಕ್, ನ್ಯೂಜೆರ್ಸಿ
ನವೆಂಬರ್ 19, 2024

ಪ್ರೀತಿಯ ನಾಗಲಿಂಗಪ್ಪನಿಗೆ,
ಬದರೀನಾಥನ ನಮಸ್ಕಾರ.

ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೈದುಕೊಂಡಿರುತ್ತೀಯ, ಬೈ. ಎರಡು ಸಲ ಬರೆಯಲು ಕುಳಿತೆ. ಎರಡು ಸಲವೂ ಕ್ಷೇಮದ ಸಾಲು ದಾಟಲಾಗಲಿಲ್ಲ. ಕಿವಿಗೆ ಮಷೀನು ಹಾಕಿಕೊಂಡರೂ ಫೋನಿನಲ್ಲಿ ಬರೀ ಕೀರಲು ಶಬ್ದ ಎಂದು ಬರೆದಿದ್ದೀಯ. ನಿಜ ಹೇಳಲೇ, ಅದು ನನಗೆ ಅನುಕೂಲವೇ ಆಯಿತು. ಈ ಸುದ್ದಿಯನ್ನು ಫೋನಿನಲ್ಲಿ ಧಾರವಾಡಕ್ಕೆ ಕೇಳುವ ಹಾಗೆ ಕೂಗಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಸುದ್ದಿ ಇಷ್ಟೇ: ನಮ್ಮ ಕೆರೆ ಇನ್ನಿಲ್ಲ.

ಲೇಕ್ ಎಂದರೆ ನಿನಗೆ ದೊಡ್ಡ ಸರೋವರ ಕಣ್ಣಿಗೆ ಬರಬಹುದು. ಇದು ನಾವಿಬ್ಬರೂ ಕೆಲಸದ ಮೊದಲ ವರ್ಷಗಳಲ್ಲಿ ಅಳೆದು ನಕ್ಷೆ ಬರೆದ ಕೆರೆಗಳಂಥದ್ದೇ. ಮೂರು ಕಡೆ ಬಂಡೆಗುಡ್ಡ, ಒಂದು ಕಡೆ ನೂರು ವರ್ಷದ ಹಿಂದೆ ಹಾಕಿದ ಮಣ್ಣಿನ ಏರಿ. ತೂಬೂ ಇತ್ತು, ಕೋಡಿಯೂ ಇತ್ತು. ಸುತ್ತ ಬಂಡೆಗಳ ಮೇಲೆ ಹಕ್ಕಿ ಕೂತ ಹಾಗೆ ಅರವತ್ತೆರಡು ಕಾಟೇಜು. ಬೇಸಿಗೆಗೆ ಬಂದುಹೋಗುವವರು ಹೆಚ್ಚು. ವರ್ಷವಿಡೀ ಇರುತ್ತಿದ್ದವರು ಹತ್ತು ಹನ್ನೆರಡು ಮನೆಯವರು, ಅವರಲ್ಲಿ ನಾವೂ ಒಬ್ಬರು. ಏರಿ, ಕೆರೆ ಎಲ್ಲವೂ ಅಸೋಸಿಯೇಷನ್ನಿನದು, ಅಂದರೆ ನಮ್ಮೆಲ್ಲರದು.

ಹನ್ನೊಂದು ವರ್ಷದ ಹಿಂದೆ ರಿಟೈರಾಗಿ ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನ ಮನೆ ಮಾರಿ ಇಲ್ಲಿಗೆ ಹೊರಟಾಗ ಪಕ್ಕದ ಮನೆಯ ಸುಬ್ಬು ತಲೆ ಚಚ್ಚಿಕೊಂಡಿದ್ದ. "ಏನ್ ಸಾರ್, ಹಿಲ್‌ಸೈಡ್ ಅವೆನ್ಯೂ ಇಂಡಿಯನ್ ಅಂಗಡಿ ಬಿಟ್ಟು ಕಾಡಿಗೆ ಹೋಗ್ತೀರಲ್ಲ, ಕರಿಬೇವು ಎಲ್ಲಿ ತರ್ತೀರಿ? ಸ್ನೋ ಬಿದ್ರೆ ಯಾರು ಡ್ರೈವ್ ಮಾಡ್ಕೊಂಡು ಬರ್ತಾರೆ?" ಎಂದಿದ್ದ. ನನ್ನವಳು, ಕ್ಷಮಾ, ನಕ್ಕು, "ಕರಿಬೇವು ಫ್ರೀಜರ್‌ನಲ್ಲಿ ಇಡ್ತೀನಿ, ನೀರನ್ನ ಇಡೋಕೆ ಆಗಲ್ವಲ್ಲ" ಎಂದಿದ್ದಳು. ಮೈಸೂರಿನಲ್ಲಿ ಹುಟ್ಟಿದವಳು, ಅಲ್ಲಿದ್ದಷ್ಟು ದಿನ ಕೆರೆಗೆ ಕಾಲಿಟ್ಟವಳಲ್ಲ. ಅರವತ್ತು ತುಂಬಿದ ಮೇಲೆ ಇಲ್ಲಿ ಈಜು ಕಲಿತಳು.

ಕಲಿಸಿದವಳು ಮಾರ್ಗರೆಟ್, ನಮ್ಮ ಬಲಗಡೆಯ ಕಾಟೇಜಿನವಳು. ಎಂಬತ್ತನಾಲ್ಕು ವರ್ಷದ ಒಂಟಿ ಹೆಂಗಸು. ಅವಳ ತಂದೆ ಕೈಯಾರೆ ಕಟ್ಟಿದ ಮನೆ ಅದು. ಗಂಡನ ಬೂದಿಯನ್ನು ಇದೇ ನೀರಿಗೆ ಬಿಟ್ಟಿದ್ದಳು. ಮೇ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಬೆಳಿಗ್ಗೆ ಏಳಕ್ಕೆ ಇಬ್ಬರೂ ಬಂಡೆಯಿಂದ ಇಳಿದು ಎದುರು ದಡ ಮುಟ್ಟಿ ಬರುತ್ತಿದ್ದರು. ನಾನು ಕಾಫಿ ಹಿಡಿದು ಮೇಲೆ ಕೂತು ಎರಡು ತಲೆಗಳನ್ನು ಎಣಿಸುತ್ತಿದ್ದೆ. ನನ್ನ ಇಡೀ ದಿನದ ಕೆಲಸ ಅಷ್ಟೇ. ಅಂಥ ಸುಖ ನನಗೆ ಮೊದಲು ಗೊತ್ತಿರಲಿಲ್ಲ.

ಈ ಆಗಸ್ಟ್‌ನಲ್ಲಿ ಒಂದೇ ಮಧ್ಯಾಹ್ನ ಒಂದು ತಿಂಗಳ ಮಳೆ ಸುರಿಯಿತು. ಕೋಡಿಯ ಮೇಲೆ ನೀರು ಸೊಂಟದೆತ್ತರ ಹರಿಯುತ್ತಿತ್ತು. ನಾಲ್ಕು ಗಂಟೆಗೆ ಏರಿಯ ಹೊರಮೈ ಕುಸಿಯಿತು. ಬಸ್ಸೊಂದನ್ನು ನಿಲ್ಲಿಸುವಷ್ಟು ಅಗಲದ ಮಣ್ಣು ಜಾರಿ ಕೆಳಗಿನ ಹಳ್ಳಕ್ಕೆ ಹೋಯಿತು. ಸೈರನ್ ಕೂಗಿತು. ಕಣಿವೆಯ ನಲವತ್ತು ಮನೆಯವರನ್ನು ಮನೆ ಬಿಡಿಸಿ ಶಾಲೆಯ ಜಿಮ್‌ನಲ್ಲಿ ಎರಡು ದಿನ ಕೂರಿಸಿದರು. ಕೂಸುಗಳು, ಆಕ್ಸಿಜನ್ ಸಿಲಿಂಡರ್ ಹಿಡಿದ ಮುದುಕರು, ಬೆಕ್ಕಿನ ಬುಟ್ಟಿಗಳು. ದೇವರ ದಯೆ, ಏರಿ ಪೂರ್ತಿ ಒಡೆಯಲಿಲ್ಲ. ರಾಜ್ಯದ ಇಂಜಿನಿಯರುಗಳು ತೂಬು ತೆಗೆದು, ಪಂಪು ಹಚ್ಚಿ ನೀರು ಇಳಿಸತೊಡಗಿದರು.

ಕೆರೆ ಖಾಲಿಯಾಗಲು ಹತ್ತೊಂಬತ್ತು ದಿನ ಹಿಡಿಯಿತು. ಪ್ರತಿದಿನ ನೋಡಿದೆ. ಮೊದಲು ಬಂಡೆಗಳ ಮೇಲೆ ಹಾಲು ಕಾಯಿಸಿದ ಪಾತ್ರೆಯ ಒಳಗಿರುವಂಥ ಗೆರೆ ಕಾಣಿಸಿತು. ಆಮೇಲೆ ದೋಣಿಕಟ್ಟೆಗಳು ಗಾಳಿಯಲ್ಲಿ ನಿಂತವು. ಆಮೇಲೆ ಕೆಸರು, ಹಳೆಯ ಟೈರು, ಯಾರದೋ ತಳ ಒಡೆದ ದೋಣಿ. ಆಮೆಗಳು ರಸ್ತೆ ದಾಟಿ ಹೊರಟವು. ಉಳಿದ ಗುಂಡಿಯಲ್ಲಿ ಮೀನು ಒತ್ತೊತ್ತಾಗಿ ಬಾಯಿ ಬಿಡುತ್ತಿದ್ದವು. ಒಂದು ವಾರ ಕಿಟಕಿ ತೆಗೆಯಲಾಗಲಿಲ್ಲ. ಕೆರೆ ಹೋದ ಮೇಲೆ ನಮ್ಮ ಬಾವಿಗಳೂ ಹೋದವು. ಈಗ ಕುಡಿಯುವ ನೀರಿಗೆ ಕ್ಯಾನು ಹಿಡಿದು ಎಂಟು ಮೈಲಿ ಹೋಗುತ್ತೇನೆ.

ಸೆಪ್ಟೆಂಬರಿನಲ್ಲಿ ಕ್ಲಬ್‌ಹೌಸಿನಲ್ಲಿ ಮೀಟಿಂಗ್ ಕರೆದರು. ಇಲ್ಲಿರುವವರಲ್ಲಿ ಡ್ಯಾಮು ಬಲ್ಲವನು ನಾನೊಬ್ಬನೇ ಎಂದು ವರದಿಯನ್ನು ನನ್ನ ಕೈಗೆ ಕೊಟ್ಟು ವಿವರಿಸಲು ಹೇಳಿದರು. ಎದ್ದು ನಿಂತು ಹೇಳಿದೆ: ಏರಿಯ ಹೊಟ್ಟೆಯೊಳಗೆ ಮಣ್ಣು ಉಳಿದಿಲ್ಲ. ತೇಪೆ ಹಾಕಿದರೆ ನಿಲ್ಲುವುದಿಲ್ಲ. ಬುಡದಿಂದ ಕಟ್ಟಬೇಕು, ಅದು ನಮ್ಮಂಥ ಅರವತ್ತೆರಡು ಮನೆಯವರಿಂದ ಆಗುವ ಮಾತಲ್ಲ. ಏರಿಯನ್ನು ಸೀಳಿ ಹಳ್ಳವನ್ನು ಹಳ್ಳವಾಗಿ ಹರಿಯಲು ಬಿಡುವುದೊಂದೇ ದಾರಿ.

ಒಬ್ಬ ಎದ್ದು, "ನಿನಗೇನಪ್ಪ, ನಿನ್ನೆ ಮೊನ್ನೆ ಬಂದವನು" ಎಂದು ಕೂಗಿದ. ಮಾರ್ಗರೆಟ್ ಕೋಲೂರಿ ಎದ್ದು ನಿಂತಳು. "ಕೂತ್ಕೋ. ಈ ಕೋಣೆಯಲ್ಲಿ ನಮಗೆ ಸುಳ್ಳು ಹೇಳದೇ ಇರುವವನು ಇವನೊಬ್ಬನೇ" ಎಂದಳು. ಕೈ ಎತ್ತಿಸಿ ಏರಿ ಸೀಳಲು ಒಪ್ಪಿಗೆ ಪಡೆದರು. ಬರುವ ವಸಂತಕ್ಕೆ ಆ ಕೆಲಸ.

ಕ್ಷಮಾ ಸೆಪ್ಟೆಂಬರ್ ಕೊನೆಯಿಂದ ಹೋಬೋಕನ್‌ನಲ್ಲಿ ಮಗಳು ತಾರಿಣಿಯ ಮನೆಯಲ್ಲಿದ್ದಾಳೆ. ಅಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಕಿಟಕಿಯಿಂದ ಹಡ್ಸನ್ ನದಿ ಕಾಣುತ್ತದೆ. ತಾರಿಣಿ ಫೋನಿನಲ್ಲಿ, "ಅಪ್ಪಾ, ಇಟ್ಸ್ ಜಸ್ಟ್ ಎ ಲೇಕ್. ಪ್ಲೀಸ್ ಕಮ್" ಎನ್ನುತ್ತಾಳೆ. ನಾನು, ಪೈಪಿನ ನೀರು ಬಸಿಯಬೇಕು, ಇಲ್ಲದಿದ್ದರೆ ಚಳಿಗೆ ಒಡೆಯುತ್ತದೆ, ಮುಗಿಸಿ ಬರುತ್ತೇನೆ ಎನ್ನುತ್ತೇನೆ. ಪೈಪು ಬಸಿದು ಎರಡು ವಾರವಾಯಿತು.

ಮಾರ್ಗರೆಟ್‌ಳನ್ನು ಅವಳ ತಂಗಿಯ ಮಗ ಒಹಾಯೋಗೆ ಕರೆದುಕೊಂಡು ಹೋದ. ಹೊರಡುವ ಬೆಳಿಗ್ಗೆ ಬಂಡೆಯ ತುದಿಗೆ ಹೋಗಿ ನಿಂತಳು. ಕೆಸರಿನ ಮೇಲೆ ಆಗಲೇ ಹುಲ್ಲು ಎದ್ದಿತ್ತು. "ಅವನು ಎಲ್ಲಿಗೆ ಹೋದ ಅಂತ ನನಗೆ ಈಗ ಗೊತ್ತಾಗ್ತಾ ಇಲ್ಲ" ಎಂದಳು. ಗಂಡನ ಮಾತು ಎಂದು ನನಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಅಲ್ಲಿಗೆ ಹೋದ ಹದಿನೇಳನೆಯ ದಿನ ಅವಳು ತೀರಿಕೊಂಡಳು. ಕಾಯಿಲೆಯೇನೂ ಇರಲಿಲ್ಲವಂತೆ. ಊಟ ಬಿಟ್ಟಿದ್ದಳಂತೆ.

ಈಗ ಈ ದಡದಲ್ಲಿ ಸಂಜೆ ದೀಪ ಹಚ್ಚುವ ಮನೆ ಮೂರು. ಉಳಿದವರು ಬಾಗಿಲಿಗೆ ಹಲಗೆ ಹೊಡೆದು ಹೋದರು. ನೀರಿಲ್ಲದ ದಡದ ಮನೆಯನ್ನು ಕೇಳುವವರಿಲ್ಲ, ಹಾಗಾಗಿ ಯಾರೂ ಮಾರುವ ಮಾತನ್ನೂ ಆಡುವುದಿಲ್ಲ.

ನಿನ್ನ ಮೊಮ್ಮಗಳು ಆನ್ಯಾ ಸಿವಿಲ್ ಇಂಜಿನಿಯರಿಂಗ್ ಸೇರಿದ್ದಾಳೆಂದು ಬರೆದಿದ್ದೀಯ. ಆ ಮಗುವಿಗೆ ನನ್ನ ಮನಸಾರೆ ಆಶೀರ್ವಾದ. ಅವಳು ಕಟ್ಟಿದ್ದು ನಿಲ್ಲಲಿ. ನಿನ್ನ ಮನೆಯವರಿಗೆ ನಮಸ್ಕಾರ ಹೇಳು. ಚಳಿಯಲ್ಲಿ ವಾಕಿಂಗ್ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೋ.

ನಿನ್ನ,
ಬದರಿ

ತಾ.ಕ.:

ಲಕೋಟೆ ಅಂಟಿಸಿ ಮತ್ತೆ ಒಡೆದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಒಂದನ್ನು ಬರೆಯದೆ ಬಿಟ್ಟಿದ್ದೇನೆ. ಅದನ್ನು ನಿನಗಲ್ಲದೆ ಇನ್ಯಾರಿಗೆ ಬರೆದರೂ ಅರ್ಥವಾಗುವುದಿಲ್ಲ.

ಆರು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಏರಿಯ ಬುಡದಲ್ಲಿ ನಡೆಯುತ್ತಿದ್ದಾಗ ಚಪ್ಪಲಿಯಷ್ಟು ಅಗಲದ ಒದ್ದೆ ನೋಡಿದೆ. ಕೂತು ನೋಡಿದೆ. ಬಸಿನೀರು ತಿಳಿಯಾಗಿರಲಿಲ್ಲ. ಬೂದುಬಣ್ಣದ ನುಣ್ಣನೆ ಮಣ್ಣು ಬರುತ್ತಿತ್ತು. ನಮ್ಮ ಮೊದಲನೆಯ ಕೆರೆಯ ಏರಿಯ ಮೇಲೆ ನೀನು ನನ್ನ ಕತ್ತು ಬಗ್ಗಿಸಿ ತೋರಿಸಿದ್ದು ನೆನಪಿದೆಯೇ? "ನೀರಿನ ಬಣ್ಣ ನೋಡಪಾ. ಮಣ್ಣು ತಗೊಂಡು ಹೊಂಟದಂದ್ರ ಏರಿ ಒಳಗಿಂದ ಖಾಲಿ ಆಗ್ಲಿಕ್ಕತ್ತದ" ಅಂದಿದ್ದೆ. ನಾನು ನೋಡಿದೆ, ನನಗೆ ಗೊತ್ತಾಯಿತು.

ಆ ಚಳಿಗಾಲವೆಲ್ಲ ಕ್ಷಮಾಗೆ ಕೀಮೋ ನಡೆದಿತ್ತು. ಕೂದಲು ಹೋಗಿತ್ತು, ಮೂವತ್ತು ಪೌಂಡು ಇಳಿದಿದ್ದಳು. ಡಾಕ್ಟರು ಜೂನ್‌ನಿಂದ ಈಜಬಹುದು ಎಂದಿದ್ದರು. ಅವಳು ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಿದ್ದಳು. ನಾನು ಬಾಯಿ ಬಿಟ್ಟರೆ ಕೆರೆಯ ನೀರು ಇಳಿಸಿ ಎರಡು ಮೂರು ವರ್ಷ ರಿಪೇರಿ. ಆದರೆ ಆಗ ರಿಪೇರಿ ಆಗುತ್ತಿತ್ತು, ನಾಗಲಿಂಗಪ್ಪ. ಆಗ ಖರ್ಚು ಕಡಿಮೆ ಇತ್ತು, ನಾವೆಲ್ಲ ಸೇರಿ ಮಾಡಿಸಬಹುದಾಗಿತ್ತು.

ನಾನು ಮಾಡಿದ್ದೇನು ಗೊತ್ತೇ? ಅಂಗಡಿಯಿಂದ ಮರಳು, ಜಲ್ಲಿ ಚೀಲ ತಂದು ಆ ಜಾಗದ ಮೇಲೆ ಪದರ ಪದರವಾಗಿ ಹಾಸಿದೆ. ಒಳ್ಳೆಯ ಇಂಜಿನಿಯರ್ ಹಾಸುವ ಹಾಗೆಯೇ ಹಾಸಿದೆ. ಮೇಲೆ ಹುಲ್ಲು ಬಿತ್ತಿದೆ. ಎರಡು ವರ್ಷದ ಮೇಲೆ ತಪಾಸಣೆಗೆ ಬಂದ ಹುಡುಗಿಯೊಬ್ಬಳು ಅಲ್ಲಿ ಹುಲ್ಲನ್ನು ಕಾಲಿನಿಂದ ಸರಿಸಿ, "ಈ ಜಲ್ಲಿ ಯಾರು ಹಾಕಿದ್ದು?" ಎಂದು ಕೇಳಿದಳು. "ದಾರಿ ಕೆಸರಾಗ್ತಿತ್ತು, ನಾನೇ ಹಾಕಿದೆ" ಎಂದೆ. ಚೆನ್ನಾಗಿ ಹಾಕಿದ್ದೀರಿ ಎಂದು ಬರೆದುಕೊಂಡು ಹೋದಳು. ಆಗಸ್ಟ್‌ನಲ್ಲಿ ಏರಿ ಕುಸಿದದ್ದು ಅದೇ ಜಾಗದಲ್ಲಿ. ಕಣಿವೆಯ ಆ ನಲವತ್ತು ಮನೆಯವರು ಜಿಮ್‌ನಲ್ಲಿ ಕೂತಿದ್ದಾಗ ನಾನು ಅವರಿಗೆ ನೀರಿನ ಬಾಟಲಿ ಹಂಚುತ್ತಿದ್ದೆ.

ಮೀಟಿಂಗ್ ಮುಗಿದ ಮರುದಿನ ಕ್ಷಮಾಗೆ ಎಲ್ಲ ಹೇಳಿದೆ. "ನಿನಗೋಸ್ಕರ ಮಾಡಿದೆ" ಎಂದೆ.

"ನನಗೋಸ್ಕರ ಅಂತ ಹೇಳ್ಬೇಡಿ. ನಾನು ಕೇಳಿದ್ನಾ? ಆವತ್ತು ಬಂದು ಹೀಗಿದೆ ಕಣೇ ಅಂದಿದ್ರೆ, ಎರಡು ವರ್ಷ ನೀರಿಲ್ಲ ಅಂತ ಸತ್ತುಹೋಗ್ತಿದ್ನಾ? ಆ ಕೆಳಗಿನ ಮನೆಗಳಲ್ಲಿ ಒಂದು ಮಗು ಹೋಗಿದ್ರೆ, ಅದೂ ನನಗೋಸ್ಕರಾನೇ ಆಗ್ತಿತ್ತಾ? ಅಷ್ಟೂ ಜನದ ನೀರನ್ನ ನನ್ನ ತಲೆ ಮೇಲೆ ಸುರೀಬೇಡಿ" ಎಂದಳು.

ಆ ವಾರವೇ ತಾರಿಣಿಯನ್ನು ಕರೆಸಿಕೊಂಡಳು. ಕಾರು ಹತ್ತುವಾಗ, "ಮಾರ್ಗರೆಟ್ ಹೊರಡೋದ್ರೊಳಗೆ ಅವಳಿಗೆ ಹೇಳಿ. ಬೇರೆ ಯಾರಿಗೆ ಹೇಳದಿದ್ರೂ ಅವಳಿಗೆ ಹೇಳಿ. ಹೇಳಿ ನನಗೆ ಫೋನ್ ಮಾಡಿ, ನಾನು ಬರ್ತೀನಿ" ಎಂದಳು.

ಹೋದೆ. ಮಾರ್ಗರೆಟ್ ತಟ್ಟೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ಟೀ ಮಾಡಿ ಕೊಟ್ಟಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನನ್ನ ಕೈ ಮೇಲೆ ಕೈಯಿಟ್ಟು, "ನಿನ್ನಿಂದಾಗಿ ನಾನು ಯಾರ ಮೇಲೂ ಅನುಮಾನ ಇಟ್ಟುಕೊಳ್ಳದೆ ಹೋಗ್ತಿದ್ದೇನೆ. ಯಾರ ತಪ್ಪೂ ಇಲ್ಲ ಅಂತ ಗೊತ್ತಾದರೆ ಬಿಟ್ಟು ಹೋಗೋದು ಸುಲಭ" ಎಂದಳು. ನಾನು ಟೀ ಕುಡಿದೆ. ಮೂರು ಡಬ್ಬಕ್ಕೆ ಟೇಪು ಹಚ್ಚಿಕೊಟ್ಟು ಬಂದೆ.

ಆ ಸಂಜೆ ಕ್ಷಮಾ ಫೋನ್ ಮಾಡಿ, "ಹೇಳಿದ್ರಾ?" ಎಂದಳು. "ನಾಳೆ" ಎಂದೆ. ಮಾರನೆಯ ದಿನವೂ ಹೇಳಲಿಲ್ಲ. ಆಮೇಲೆ ಮಾರ್ಗರೆಟ್ ಹೊರಟುಹೋದಳು. ಆಮೇಲೆ ಅವಳು ಸತ್ತ ಸುದ್ದಿ ಬಂತು. ಕ್ಷಮಾಗೆ ತಿಳಿಸಲು ನಾನೇ ಫೋನ್ ಮಾಡಬೇಕಾಯಿತು. ಅವಳು ಅಳಲಿಲ್ಲ. ಅಸೋಸಿಯೇಷನ್ನಿಗೆ ಬರೆದು ಒಪ್ಪಿಕೊಳ್ಳುತ್ತೇನೆ ಎಂದೆ. "ಬರೀರಿ. ಬರೀಲೇಬೇಕು. ಆದ್ರೆ ನಾನು ಕೇಳಿದ್ದು ಅದಲ್ಲ" ಎಂದಳು. ಆಮೇಲೆ, ಹೊಸದಾಗಿ ಪರಿಚಯವಾದವರನ್ನು ಮಾತಾಡಿಸುವಷ್ಟು ಮರ್ಯಾದೆಯಿಂದ, "ನನ್ನ ಸೀರೆ, ಸ್ವೆಟರ್ರು, ಪುಸ್ತಕ ಎಲ್ಲಾ ಪ್ಯಾಕ್ ಮಾಡಿ ಕಳಿಸಿಬಿಡಿ. ಅವಸರ ಏನಿಲ್ಲ" ಎಂದಳು.

ಎರಡು ಪೆಟ್ಟಿಗೆಯಾಯಿತು. ನಾಳೆ ಈ ಪತ್ರದ ಜೊತೆಗೆ ಅವನ್ನೂ ಪೋಸ್ಟಾಫೀಸಿಗೆ ಒಯ್ಯುತ್ತೇನೆ.