ಯಾರ ಹೆಸರು ಹಾಕುವುದು

ಮಂಗಳವಾರ, ಜೂನ್ 11

ಅಣ್ಣನ ಮೇಲಿನ ಸಿಟ್ಟು ಊಟ ಮಾಡಿದರೂ ಇಳಿದಿಲ್ಲ.

ಹಲ್ಲಿನ ಡಾಕ್ಟರುಗಳು ನಾವಿಬ್ಬರೂ, ಕ್ಲಿನಿಕ್ಕೂ ಇಬ್ಬರದೇ. ರೋಗಿಗಳ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿಕೊಡುತ್ತೇನೆಂದು ಇವತ್ತು ಕಂಪನಿಯವನೊಬ್ಬ ಬಂದಿದ್ದ. ಎಕ್ಸ್‌ರೇ ತೆರೆಯ ಮೇಲೆ ಮೂಡಿದಾಗ ಅಣ್ಣ ಮಗುವಿನ ಹಾಗೆ ನಕ್ಕ. ಆಮೇಲೆ 'ಚಿಕಿತ್ಸೆ ಮಾಡಿದ ವೈದ್ಯರು' ಎಂಬ ಜಾಗ ಬಂತು.

"ಎಲ್ಲದಕ್ಕೂ ನನ್ನ ಹೆಸರೇ ಹಾಕ್ಬಿಡಿ" ಅಂದ.

"ಆಗಲ್ಲ ಸಾರ್. ಯಾರು ಮಾಡಿದ್ರೋ ಅವರೇ ಪಾಸ್‌ವರ್ಡ್ ಹಾಕಿ ಬರೀಬೇಕು."

ಅಣ್ಣ ಮುಖ ಗಂಟು ಹಾಕಿಕೊಂಡ. "ನಮ್ಮ ನರ್ಸಮ್ಮಂಗೆ ಇದೆಲ್ಲ ಕಲಿಯೋಕಾಗಲ್ಲ. ಕರೆಂಟ್ ಬೇರೆ ಹೋಗ್ತಿರುತ್ತೆ. ಮುಂದಿನ ವರ್ಷ ನೋಡೋಣ."

ನರ್ಸಮ್ಮನಿಗೆ ಬರುವುದಿಲ್ಲವಂತೆ! ಅವನ ಮೊಬೈಲ್ ಹಟ ಹಿಡಿದಾಗ ಸರಿಮಾಡಿಕೊಡುವವಳೇ ಅವಳು.

ರೂಟ್ ಕೆನಾಲ್‌ಗಳನ್ನೆಲ್ಲ ಮಾಡುವುದು ನಾನು. ಬೋರ್ಡಿನ ಮೇಲೆ, ಚೀಟಿಯ ಮೇಲೆ, ಜನರ ಬಾಯಲ್ಲಿ ಇರುವುದು ಅವನು. ಕಂಪನಿಯವನು ಹೋದ ಮೇಲೆ ನನ್ನ ಹೆಸರು ಯಾಕೆ ಬರಬಾರದು ಎಂದು ಕೇಳಿಯೇ ಬಿಟ್ಟೆ.

"ನಮ್ಮಿಬ್ಬರಲ್ಲಿ ನಿಂದು ನಂದು ಅಂತ ಏನೇ ಇದೆ?" ಅಂದ, ತಂಗಿಯ ತಲೆ ಸವರುವ ದನಿಯಲ್ಲಿ.

"ಏನೂ ಇಲ್ಲ ಅಂದ್ರೆ ಎಲ್ಲದಕ್ಕೂ ನನ್ನ ಹೆಸರು ಹಾಕ್ಸೋಣ ಬಿಡು."

ಅಣ್ಣ ಕೈ ತೊಳೆಯಲು ಹೋದ. ತೊಳೆದೇ ತೊಳೆದ.

ಸಂಜೆ ಕಂಪನಿಯವನಿಗೆ ನಾನೇ ಫೋನ್ ಮಾಡಿದೆ. "ನಾಳೆ ಬನ್ನಿ. ನಾನೂ ಪಾಲುದಾರಳೇ, ನಾನು ಸಹಿ ಹಾಕ್ತೀನಿ."

ಬೆಳಗ್ಗೆ ಅಣ್ಣನಿಗೆ ಹೇಳಬೇಕು. ಅಳದೆ ಹೇಳಬೇಕು. ಸಿಟ್ಟು ಬಂದಾಗಲೆಲ್ಲ ಈ ಹಾಳು ಕಣ್ಣೀರು ಯಾಕೆ ಮಾತಿಗಿಂತ ಮೊದಲೇ ಬರುತ್ತದೋ.